ಬಿಡಿಸದೆಯೇ ಮೂಲ ಎಲ್ಲಿದೆ ಎಂದು ಹೇಳುವುದು ಹೇಗೆ?

ಈ ಸಮೀಕರಣ ನೋಡಿ. ಗೊತ್ತಿಲ್ಲದ ಸಂಖ್ಯೆಯನ್ನು ಇಲ್ಲಿ ಕ್ಷ ಎಂದು ಬರೆಯುತ್ತೇನೆ.

ಕ್ಷ⁵ − 4ಕ್ಷ + 2 = 0

ಚಿಕ್ಕ ಸಮೀಕರಣ. ಮೂರೇ ಪದ, ಸುಲಭದ ಅಂಕಿಗಳು. ಆದರೆ ಇದನ್ನು ಬಿಡಿಸಲು ಸೂತ್ರ ಇಲ್ಲ, ಮುಂದೆ ಸಿಗುವುದೂ ಇಲ್ಲ. ಕೂಡಿಸು, ಕಳೆ, ಗುಣಿಸು, ಭಾಗಿಸು, ವರ್ಗಮೂಲ, ಘನಮೂಲ ಮುಂತಾದವನ್ನು ತೆಗೆ — ಇಷ್ಟನ್ನೇ ಬಳಸಿ ಐದನೇ ಘಾತದ ಎಲ್ಲ ಸಮೀಕರಣಗಳನ್ನೂ ಬಿಡಿಸುವ ಸೂತ್ರ ಇರಲು ಸಾಧ್ಯವಿಲ್ಲ ಎಂದು ನಾರ್ವೆಯ ನೀಲ್ಸ್ ಹೆನ್ರಿಕ್ ಆಬೆಲ್ 1824ರಲ್ಲಿ ಸಾಧಿಸಿದರು. ಯಾವ ಸಮೀಕರಣ ಹೀಗೆ ಕೈಗೆ ಸಿಗುವುದಿಲ್ಲ ಎಂದು ಗುರುತಿಸುವ ದಾರಿಯನ್ನು ಆಮೇಲೆ ಫ್ರಾನ್ಸ್‌ನ ಎವಾರಿಸ್ಟ್ ಗಲ್ವಾ ಕೊಟ್ಟರು. ಮೇಲಿನದು ಆ ಗುಂಪಿಗೆ ಸೇರಿದ ಸಮೀಕರಣ.

ಆದರೂ ಇದರ ಐದು ಮೂಲಗಳ (ಅಂದರೆ ಸಮೀಕರಣಕ್ಕೆ ಹೊಂದುವ ಕ್ಷ ಬೆಲೆಗಳ) ಬಗ್ಗೆ ಇಷ್ಟು ಮಾತು ಧೈರ್ಯವಾಗಿ ಹೇಳಬಹುದು. ಒಂದು ಮೂಲ ಸೊನ್ನೆಯಿಂದ 0.49 ಮತ್ತು 0.51ರ ನಡುವಿನ ದೂರದಲ್ಲಿದೆ. ಉಳಿದ ನಾಲ್ಕೂ 1.24 ಮತ್ತು 1.52ರ ನಡುವಿನ ಪಟ್ಟಿಯಲ್ಲಿವೆ. ಎರಡು ಮೂಲ ಧನ, ಒಂದು ಋಣ, ಇನ್ನೆರಡು ಸಂಖ್ಯಾರೇಖೆಯ ಮೇಲೆ ಇಲ್ಲವೇ ಇಲ್ಲ. ಇದಕ್ಕೆಲ್ಲ 1, −4, 2 ಎಂಬ ಸಹಗುಣಕಗಳು, ಅಂದರೆ ಪದಗಳಲ್ಲಿರುವ ಅಂಕಿಗಳು, ಸಾಕು. ಒಂದು ಸಾಧಾರಣ ಕ್ಯಾಲ್ಕುಲೇಟರ್ ಇದ್ದರೆ ಕೆಲಸ ಇನ್ನೂ ಬೇಗ ಆಗುತ್ತದೆ. ಬೀಜಗಣಿತದಲ್ಲಿ ನನಗೆ ತುಂಬ ಇಷ್ಟವಾದ ಭಾಗ ಇದು. ಉತ್ತರ ಸಿಗದ ಪ್ರಶ್ನೆಯ ಬಗ್ಗೆಯೂ ಇಷ್ಟೊಂದು ಖಚಿತವಾಗಿ ಮಾತಾಡಬಹುದು ಎನ್ನುವುದು ಮೊದಲ ಸಲ ಗೊತ್ತಾದಾಗ ಆಗುವ ಖುಷಿ ದೊಡ್ಡದು.

ಹತ್ತನೇ ಕ್ಲಾಸಿನ ಗಣಿತದಿಂದಲೇ ಶುರು ಮಾಡೋಣ. ಕ್ಷ² − 5ಕ್ಷ + 6 = 0 ಎಂದರೆ ಮೂಲಗಳ ಮೊತ್ತ 5, ಗುಣಲಬ್ಧ 6. ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ಇದನ್ನು ಎಲ್ಲರೂ ಬಾಯಿಪಾಠ ಮಾಡಿರುತ್ತೇವೆ, ಅಲ್ವಾ? ಕಾರಣವೂ ಸುಲಭ. ಮೂಲಗಳು 2 ಮತ್ತು 3 ಆದ್ದರಿಂದ ಈ ಬಹುಪದೋಕ್ತಿ (ಕ್ಷ − 2)(ಕ್ಷ − 3) ಎಂದು ಒಡೆಯುತ್ತದೆ. ಗುಣಿಸಿ ನೋಡಿದರೆ ನಡುವಿನ ಸಹಗುಣಕದಲ್ಲಿ ಮೊತ್ತ, ಕೊನೆಯದರಲ್ಲಿ ಗುಣಲಬ್ಧ ಬಂದು ಕೂರುತ್ತವೆ. ಘಾತ ಎಷ್ಟೇ ಇರಲಿ, ಇದೇ ಕತೆ. 16ನೇ ಶತಮಾನದ ಕೊನೆಯಲ್ಲಿ ಫ್ರಾನ್ಸ್‌ನ ಫ್ರಾಂಸ್ವಾ ವಿಯೆಟ್ ಇದನ್ನು ಕಂಡುಕೊಂಡರು. ಎಲ್ಲ ಘಾತಗಳಿಗೂ ಹೊಂದುವಂತೆ 1629ರಲ್ಲಿ ಅಲ್ಬೆರ್ ಜಿರಾರ್ ಬರೆದರು.

ನಮ್ಮ ಸಮೀಕರಣದಲ್ಲಿ ಕ್ಷ⁴ ಪದವೇ ಇಲ್ಲ. ಹಾಗಾಗಿ ಐದು ಮೂಲಗಳ ಮೊತ್ತ ಸೊನ್ನೆ. ಎಲ್ಲ ಮೂಲಗಳೂ ಸೊನ್ನೆಯ ಬಲಕ್ಕೇ ಇರುವಂತಿಲ್ಲ, ಎಲ್ಲವೂ ಎಡಕ್ಕೇ ಇರುವಂತಿಲ್ಲ. ಗುಣಲಬ್ಧ −2, ಗಾತ್ರ 2. ಎಲ್ಲ ಮೂಲಗಳೂ 1.14ಕ್ಕಿಂತ ಚಿಕ್ಕವಾಗಿದ್ದರೆ ಗುಣಲಬ್ಧ 2 ಮುಟ್ಟುವುದಿಲ್ಲ. ಎಲ್ಲವೂ 1.15ಕ್ಕಿಂತ ದೊಡ್ಡವಾಗಿದ್ದರೆ 2 ದಾಟಿಬಿಡುತ್ತದೆ. ಅಂದರೆ ಕೆಲವು ಒಳಗೆ, ಕೆಲವು ಹೊರಗೆ ಇರಲೇಬೇಕು. ಇದು ಎಲ್ಲ ಮೂಲಗಳ ಮೇಲೆ ಒಟ್ಟಿಗೆ ಬೀಳುವ ಕಟ್ಟು. ಒಂದೊಂದು ಮೂಲದ ಜಾಗ ಇದರಿಂದ ತಿಳಿಯುವುದಿಲ್ಲ.

ಅದಕ್ಕೆ ಬೇರೆ ಯೋಚನೆ ಬೇಕು. ಕ್ಷ ಧನ ಸಂಖ್ಯೆ ಎಂದುಕೊಂಡು ಮೂರು ಪದಗಳನ್ನೂ ಬೇರೆ ಬೇರೆಯಾಗಿ ನೋಡಿ. ಕ್ಷ 0.1 ಆದಾಗ ಕ್ಷ⁵ ಲೆಕ್ಕಕ್ಕೇ ಇಲ್ಲ, 4ಕ್ಷ ಬರೀ 0.4, ಹಾಗಾಗಿ 2ರ ಮಾತೇ ನಡೆಯುತ್ತದೆ. ಮೊತ್ತ ಧನ. ಕ್ಷ 1 ಆದಾಗ −4ಕ್ಷ ಮೇಲುಗೈ ಪಡೆಯುತ್ತದೆ. 1 − 4 + 2 = −1, ಮೊತ್ತ ಋಣ. ಕ್ಷ 2 ಆದಾಗ ಕ್ಷ⁵ 32 ಆಗಿಬಿಟ್ಟಿರುತ್ತದೆ. ಮೊತ್ತ 26, ಮತ್ತೆ ಧನ. ಮೇಲುಗೈ ಒಂದು ಪದದಿಂದ ಇನ್ನೊಂದಕ್ಕೆ ಹೋದ ಹಾಗೆ ಚಿಹ್ನೆ ಬದಲಾಯಿತು. ಚಿಹ್ನೆ ಬದಲಾಗಬೇಕಾದರೆ ನಡುವೆ ಎಲ್ಲೋ ಸೊನ್ನೆ ದಾಟಲೇಬೇಕು. ಹಾಗಾಗಿ 0 ಮತ್ತು 1ರ ನಡುವೆ ಒಂದು ಮೂಲ, 1 ಮತ್ತು 2ರ ನಡುವೆ ಇನ್ನೊಂದು.

ರೆನೆ ಡೆಕಾರ್ಟ್ 1637ರಲ್ಲಿ ಪ್ರಕಟಿಸಿದ ಚಿಹ್ನೆಗಳ ನಿಯಮದ ಹಿಂದೆ ಇರುವ ತಿರುಳು ಇದೇ. ಸಹಗುಣಕಗಳ ಚಿಹ್ನೆಗಳನ್ನು ಸಾಲಾಗಿ ಬರೆಯಿರಿ: ಧನ, ಋಣ, ಧನ. ಎರಡು ಸಲ ಬದಲಾಯಿತು. ಧನ ಮೂಲಗಳು ಅದಕ್ಕಿಂತ ಜಾಸ್ತಿ ಇರಲಾರವು. ಕಡಿಮೆ ಇದ್ದರೆ ಎರಡೆರಡರ ಲೆಕ್ಕದಲ್ಲೇ ಕಡಿಮೆ ಆಗುತ್ತವೆ. ಮೇಲುಗೈ ಪಡೆಯುವ ಅವಕಾಶ ಯಾವುದಾದರೂ ಪದಕ್ಕೆ ಸಿಗದೇ ಹೋದರೆ ಹಾಗಾಗುತ್ತದೆ. ಋಣ ಮೂಲಗಳು ಬೇಕೆಂದರೆ ಕ್ಷ ಇರುವಲ್ಲೆಲ್ಲ −ಕ್ಷ ಹಾಕಿ. −ಕ್ಷ⁵ + 4ಕ್ಷ + 2 ಬರುತ್ತದೆ. ಇಲ್ಲಿ ಬದಲಾವಣೆ ಒಂದೇ. ಒಂದರಿಂದ ಎರಡನ್ನು ಕಳೆಯಲು ಆಗುವುದಿಲ್ಲವಲ್ಲ, ಹಾಗಾಗಿ ಋಣ ಮೂಲ ಖಂಡಿತ ಒಂದೇ. ಒಂದು ವ್ಯಾಪ್ತಿಯಲ್ಲಿ ಎಷ್ಟು ವಾಸ್ತವ ಮೂಲಗಳಿವೆ ಎಂದು ಕರಾರುವಾಕ್ಕಾಗಿ ಎಣಿಸುವ ವಿಧಾನವನ್ನು 1829ರಲ್ಲಿ ಶಾರ್ಲ್ ಸ್ಟರ್ಮ್ ಕೊಟ್ಟರು. ಅದಕ್ಕೆ ಭಾಗಾಕಾರದ ಸರಣಿಯೇ ಬೇಕು. ಡೆಕಾರ್ಟ್ ನಿಯಮಕ್ಕೆ ಕಣ್ಣಿದ್ದರೆ ಸಾಕು.

ಇಲ್ಲಿಗೆ ಮೂರು ವಾಸ್ತವ ಮೂಲಗಳಾದವು. ಘಾತ ಐದು. ಉಳಿದ ಎರಡು ಎಲ್ಲಿ?

ಕ್ರಿ.ಶ. 850ರ ಸುಮಾರಿಗೆ, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಕನ್ನಡ ನಾಡಿನ ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ ಬರೆದರು. ಋಣ ಸಂಖ್ಯೆ ಯಾವುದರ ವರ್ಗವೂ ಆಗಲಾರದು, ಆದ್ದರಿಂದ ಅದಕ್ಕೆ ವರ್ಗಮೂಲ ಇಲ್ಲ ಎಂದು ಅವರು ಸ್ಪಷ್ಟವಾಗಿ ಹೇಳಿದ್ದಾರೆ. ಸಂಖ್ಯಾರೇಖೆಯ ಮೇಲೆ ನಿಂತು ನೋಡುವವರಿಗೆ ಇದು ನೂರಕ್ಕೆ ನೂರು ಸರಿ. ಆಮೇಲೆ ಶತಮಾನಗಳು ಕಳೆದು, ಗಣಿತಜ್ಞರು ರೇಖೆಯನ್ನು ಬಿಟ್ಟು ಸಮತಲಕ್ಕೆ ಬಂದರು. √−1 ಎನ್ನುವುದು ಸೊನ್ನೆಯಿಂದ ನೇರ ಮೇಲಕ್ಕೆ ಒಂದು ಮಾನ ದೂರದ ಬಿಂದು ಆಯಿತು. ಅಂಥ ಸಂಕೀರ್ಣ ಸಂಖ್ಯೆಗಳನ್ನು ಸೇರಿಸಿಕೊಂಡರೆ ಐದನೇ ಘಾತದ ಬಹುಪದೋಕ್ತಿಗೆ ಸರಿಯಾಗಿ ಐದು ಮೂಲ, ಹತ್ತನೇ ಘಾತಕ್ಕೆ ಹತ್ತು. ಎರಡು ಮೂಲ ಒಂದೇ ಆಗಿದ್ದರೆ ಎರಡು ಸಲ ಎಣಿಸಬೇಕು, ಅಷ್ಟೇ. ಕಾರ್ಲ್ ಫ್ರೀಡ್ರಿಕ್ ಗೌಸ್ 1799ರಲ್ಲಿ ತಮ್ಮ ಡಾಕ್ಟರೇಟ್ ಪ್ರಬಂಧದಲ್ಲಿ ಎತ್ತಿಕೊಂಡದ್ದು ಇದೇ ಪ್ರಮೇಯವನ್ನು.

ಹಾಗಾದರೆ ಮೂಲಗಳನ್ನು ಈಗ ಸಮತಲದಲ್ಲಿ ಹುಡುಕಬೇಕು. ಅಲ್ಲಿ ಧನ, ಋಣ ಎಂಬ ಎರಡೇ ದಿಕ್ಕು ಇಲ್ಲ, ಸುತ್ತಲೂ ದಿಕ್ಕುಗಳೇ. ಪ್ರತಿ ಪದವೂ ಒಂದು ಬಾಣ. ಅದಕ್ಕೆ ಉದ್ದವಿದೆ, ದಿಕ್ಕಿದೆ. ಎಲ್ಲ ಬಾಣಗಳನ್ನು ಒಂದರ ತುದಿಗೆ ಇನ್ನೊಂದನ್ನು ಜೋಡಿಸುತ್ತಾ ಹೋಗಿ ಕೊನೆಗೆ ಹೊರಟಲ್ಲಿಗೇ ಬಂದರೆ ಮೊತ್ತ ಸೊನ್ನೆ.

ಈಗ ಮುಖ್ಯವಾದ ಮಾತು. ಮನೆಯಿಂದ ಹತ್ತು ಕಿಲೋಮೀಟರ್ ನಡೆದು ಹೋದವರು, ಆಮೇಲೆ ಒಟ್ಟು ಏಳೇ ಕಿಲೋಮೀಟರ್ ನಡೆದರೆ, ಯಾವ ದಿಕ್ಕಿಗೆ ತಿರುಗಿದರೂ ಮನೆ ತಲುಪುವುದಿಲ್ಲ. ಬಾಣಗಳದ್ದೂ ಹಾಗೆಯೇ. ಒಂದು ಪದದ ಗಾತ್ರ ಉಳಿದೆಲ್ಲ ಪದಗಳ ಗಾತ್ರ ಸೇರಿದರೂ ಮೀರುವಂತಿದ್ದರೆ ಮೊತ್ತ ಸೊನ್ನೆ ಆಗಲಾರದು. ಆ ಜಾಗದಲ್ಲಿ ಮೂಲ ಇರಲಾರದು. ದಿಕ್ಕುಗಳ ಲೆಕ್ಕವನ್ನೇ ಮಾಡಬೇಕಾಗಿಲ್ಲ, ಉದ್ದ ಹೋಲಿಸಿದರೆ ಆಯಿತು. ಈ ವಿಷಯದಲ್ಲಿ ಬರುವ ದೊಡ್ಡ ದೊಡ್ಡ ಹೆಸರಿನ ಪ್ರಮೇಯಗಳಲ್ಲಿ ಹೆಚ್ಚಿನವು ಈ ಒಂದೇ ಮಾತಿನ ಬೇರೆ ಬೇರೆ ವೇಷಗಳು.

ಹಚ್ಚಿ ನೋಡೋಣ. ಕ್ಷ ಸೊನ್ನೆಯಿಂದ ಇರುವ ದೂರವನ್ನು ದ ಎನ್ನೋಣ. ಆಗ ಮೂರು ಬಾಣಗಳ ಉದ್ದ ದ⁵, 4ದ ಮತ್ತು 2. ದ 1.52 ಆದಾಗ ದ⁵ ಸುಮಾರು 8.11, ಉಳಿದವೆರಡೂ ಸೇರಿ 8.08. ಕ್ಷ⁵ ಗೆದ್ದಿತು. ಅಲ್ಲಿಂದ ಆಚೆಗೆ ಅದರ ಮೇಲುಗೈ ಹೆಚ್ಚುತ್ತಲೇ ಹೋಗುತ್ತದೆ. ಹಾಗಾಗಿ 1.52 ತ್ರಿಜ್ಯದ ವೃತ್ತದ ಹೊರಗೆ ಯಾವ ಮೂಲವೂ ಇಲ್ಲ. ಈಗ ಒಳಗಿನಿಂದ ಬನ್ನಿ. ದ 0.49 ಆದಾಗ 4ದ 1.96, ದ⁵ ಸುಮಾರು 0.03, ಎರಡೂ ಸೇರಿ 2ಕ್ಕೆ ಸ್ವಲ್ಪ ಕಡಿಮೆ. ಸ್ಥಿರ ಪದ ಗೆದ್ದಿತು. 0.49ರ ಒಳಗೂ ಮೂಲ ಇಲ್ಲ.

ಎಲ್ಲ ಬಹುಪದೋಕ್ತಿಗಳಿಗೂ ಒಂದೇ ಏಟಿಗೆ ಉತ್ತರ ಬೇಕೆಂದರೆ ಫ್ರಾನ್ಸ್‌ನ ಆಗಸ್ಟಿನ್ ಲೂಯಿ ಕೊಶಿ 1829ರಲ್ಲಿ ಕೊಟ್ಟ ಮಿತಿ ಇದೆ. ಮೊದಲ ಸಹಗುಣಕ 1 ಆಗುವಂತೆ ಭಾಗಿಸಿಕೊಳ್ಳಿ. ಉಳಿದ ಸಹಗುಣಕಗಳಲ್ಲಿ ಚಿಹ್ನೆ ಬಿಟ್ಟು ಅತಿ ದೊಡ್ಡದನ್ನು ಆರಿಸಿ, ಅದಕ್ಕೆ 1 ಕೂಡಿಸಿ. ಎಲ್ಲ ಮೂಲಗಳೂ ಅಷ್ಟು ತ್ರಿಜ್ಯದ ವೃತ್ತದೊಳಗೆ. ನಮ್ಮ ಸಮೀಕರಣಕ್ಕೆ 4 + 1 = 5. ನಿಜವಾದ ಗಡಿ 1.52 ಇರುವಾಗ 5 ಸಡಿಲವೇ ಸರಿ. ಆದರೆ ಇದನ್ನು ಮನಸ್ಸಿನಲ್ಲೇ ಲೆಕ್ಕ ಹಾಕಬಹುದು.

ಒಳಗೂ ಇಲ್ಲ, ಹೊರಗೂ ಇಲ್ಲ. ನಡುವೆ? ನನಗೆ ಅತಿ ಸುಂದರ ಎನಿಸುವುದು ಈ ನಡುವಿನ ಕತೆ. ದ 1 ಆದಾಗ 4ದ ಎಂದರೆ 4, ಉಳಿದವೆರಡೂ ಸೇರಿ 1 + 2 = 3. ಈಗ ಗೆದ್ದದ್ದು −4ಕ್ಷ. ಹಾಗಾಗಿ 1 ತ್ರಿಜ್ಯದ ವೃತ್ತದ ಗೆರೆಯ ಮೇಲೆ ಮೂಲ ಇಲ್ಲ. ಇದರಿಂದ ಇನ್ನೂ ದೊಡ್ಡ ವಿಷಯ ತಿಳಿಯುತ್ತದೆ: ಆ ವೃತ್ತದ ಒಳಗೆ ಎಷ್ಟು ಮೂಲಗಳಿವೆ ಎನ್ನುವುದು.

ಹೇಗೆ ಎಂದು ನಿಧಾನವಾಗಿ ನೋಡಿ. ಮೊದಲು −4ಕ್ಷ ಒಂದನ್ನೇ ಇಟ್ಟುಕೊಳ್ಳಿ. ಅದಕ್ಕೆ ಒಂದೇ ಮೂಲ, ಸೊನ್ನೆ. ಅದು ವೃತ್ತದ ಒಳಗಿದೆ. ಈಗ ಕ್ಷ⁵ ಮತ್ತು 2 ಈ ಎರಡನ್ನೂ ಸ್ವಲ್ಪ ಸ್ವಲ್ಪವಾಗಿ ಸೇರಿಸುತ್ತಾ ಬನ್ನಿ. ಮೊದಲು ನೂರರಲ್ಲಿ ಒಂದು ಪಾಲು, ಆಮೇಲೆ ಹತ್ತು ಪಾಲು, ಅರ್ಧ, ಕೊನೆಗೆ ಪೂರ್ತಿ. ಸಹಗುಣಕಗಳು ನಿಧಾನವಾಗಿ ಬದಲಾದರೆ ಮೂಲಗಳೂ ಸರಿಯುತ್ತಾ ಹೋಗುತ್ತವೆ. ಇದ್ದಕ್ಕಿದ್ದಂತೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ನೆಗೆಯುವುದಿಲ್ಲ. ವೃತ್ತದ ಒಳಗಿನದು ಹೊರಗೆ ಹೋಗಬೇಕೆಂದರೆ, ಹೊರಗಿನದು ಒಳಗೆ ಬರಬೇಕೆಂದರೆ, ಗೆರೆ ಮುಟ್ಟಲೇಬೇಕು. ಗೆರೆಯ ಮೇಲೆ −4ಕ್ಷದ ಉದ್ದ 4, ಉಳಿದದ್ದು ಪೂರ್ತಿ ಸೇರಿದರೂ 3. ಅಲ್ಲಿ ಮೊತ್ತ ಯಾವ ಹಂತದಲ್ಲೂ ಸೊನ್ನೆ ಆಗುವುದಿಲ್ಲ. ಯಾವ ಮೂಲಕ್ಕೂ ಗೆರೆ ದಾಟಲು ದಾರಿ ಇಲ್ಲ. ಶುರುವಿನಲ್ಲಿ ಒಳಗೆ ಒಂದಿತ್ತು, ಕೊನೆಗೂ ಒಂದೇ.

ಇದು ಯೂಜೀನ್ ರೂಶೆ 1862ರಲ್ಲಿ ಕೊಟ್ಟ ಪ್ರಮೇಯ. ವೃತ್ತದ ಗೆರೆಯ ಮೇಲೆ ಒಂದು ಪದ ಉಳಿದೆಲ್ಲವನ್ನೂ ಮೀರಿದರೆ ಆ ಪದದ ಘಾತ ಎಷ್ಟೋ ಅಷ್ಟೇ ಮೂಲಗಳು ವೃತ್ತದ ಒಳಗಿರುತ್ತವೆ. −4ಕ್ಷ ಒಂದನೇ ಘಾತದ ಪದ, ಆದ್ದರಿಂದ ಒಂದು ಮೂಲ ಒಳಗೆ, ನಾಲ್ಕು ಹೊರಗೆ. ಇದೇ −4ಕ್ಷ ದ 0.51ರಿಂದ 1.24ರವರೆಗೂ ಗೆಲ್ಲುತ್ತಲೇ ಇರುತ್ತದೆ. ಆ ಇಡೀ ಪಟ್ಟಿ ಖಾಲಿ. ಹೀಗೆ ಒಂದು ಮೂಲ 0.49 ಮತ್ತು 0.51ರ ನಡುವೆ ಸಿಕ್ಕಿಹಾಕಿಕೊಂಡಿತು, ನಾಲ್ಕು ಮೂಲಗಳು 1.24 ಮತ್ತು 1.52ರ ನಡುವೆ.

ವಾಸ್ತವ ಮೂಲಗಳನ್ನು ಕ್ಯಾಲ್ಕುಲೇಟರಿನಲ್ಲಿ ಒತ್ತಿ ನೋಡಿದರೆ 0.5085, 1.2436 ಮತ್ತು −1.5185 ಬರುತ್ತವೆ. ಋಣ ಮೂಲ ಹೊರಗಿನ ಗಡಿಯನ್ನೇ ಒತ್ತಿಕೊಂಡು ಕೂತಿದೆ. ಕಾರಣ ಇಷ್ಟೆ: ಕ್ಷ ಋಣ ಆದಾಗ −4ಕ್ಷ ಮತ್ತು 2 ಒಂದೇ ದಿಕ್ಕಿಗೆ ತಿರುಗಿ, ಕ್ಷ⁵ ಒಂದೇ ಎದುರು ನಿಲ್ಲುತ್ತದೆ. ಉಳಿದ ಎರಡಕ್ಕೆ ವಿಯೆಟ್ ಹತ್ತಿರ ವಾಪಸ್ ಹೋಗೋಣ. ಮೂರು ವಾಸ್ತವ ಮೂಲಗಳ ಮೊತ್ತ 0.2336. ಐದರ ಮೊತ್ತ ಸೊನ್ನೆ ಆಗಬೇಕಾದ್ದರಿಂದ ಸಂಕೀರ್ಣ ಜೋಡಿಯ ಮೊತ್ತ −0.2336. ಸಹಗುಣಕಗಳು ವಾಸ್ತವವಾಗಿದ್ದರೆ ಸಂಕೀರ್ಣ ಮೂಲಗಳು ಜೋಡಿಯಾಗಿಯೇ ಬರುತ್ತವೆ, ಒಂದು ಸಂಖ್ಯಾರೇಖೆಯಿಂದ ಮೇಲಕ್ಕೆ, ಇನ್ನೊಂದು ಅಷ್ಟೇ ಕೆಳಕ್ಕೆ. ಹಾಗಾಗಿ ಎರಡೂ ಸೊನ್ನೆಯಿಂದ 0.1168 ಎಡಕ್ಕೆ ಇವೆ. ಗುಣಲಬ್ಧದಿಂದ ಲೆಕ್ಕ ಹಾಕಿದರೆ ಅವುಗಳ ದೂರ ಸುಮಾರು 1.443. ನಾವು ಹೇಳಿದ ಪಟ್ಟಿಯೊಳಗೇ.

ಕೆಲವೊಮ್ಮೆ ಯಾವ ಪದವೂ ನೇರವಾಗಿ ಗೆಲ್ಲುವುದಿಲ್ಲ. ಆಗ ಗೆಲ್ಲುವ ಹಾಗೆ ಸಮೀಕರಣವನ್ನೇ ಸ್ವಲ್ಪ ಬದಲಿಸಬಹುದು. 4ಕ್ಷ³ + 3ಕ್ಷ² + 2ಕ್ಷ + 1 ತೆಗೆದುಕೊಳ್ಳಿ. 1 ತ್ರಿಜ್ಯದ ವೃತ್ತದ ಮೇಲೆ 4ರ ಎದುರು 3 + 2 + 1 = 6 ಇದೆ. ಗೆಲುವಿಲ್ಲ. ಇದನ್ನು (ಕ್ಷ − 1) ಇಂದ ಗುಣಿಸಿ ನೋಡಿ:

4ಕ್ಷ⁴ − ಕ್ಷ³ − ಕ್ಷ² − ಕ್ಷ − 1

ಪಕ್ಕಪಕ್ಕದ ಸಹಗುಣಕಗಳ ವ್ಯತ್ಯಾಸ ಮಾತ್ರ ಉಳಿಯಿತು. ಈಗ 4ರ ಎದುರು 1 + 1 + 1 + 1. ದ 1ಕ್ಕಿಂತ ಎಳ್ಳಷ್ಟು ಜಾಸ್ತಿ ಆದರೂ ಮೊದಲ ಪದ ಗೆಲ್ಲುತ್ತದೆ. ಹಾಗಾಗಿ ಎಲ್ಲ ಮೂಲಗಳೂ 1ರ ಒಳಗೆ ಅಥವಾ ಗೆರೆಯ ಮೇಲೆ. ಸಹಗುಣಕಗಳು ಧನವಾಗಿದ್ದು, ಸ್ಥಿರ ಪದದಿಂದ ಮೇಲಿನ ಘಾತದ ಕಡೆಗೆ ಹೋದಂತೆ ಇಳಿಯದೆ ಇದ್ದರೆ ಯಾವಾಗಲೂ ಹೀಗೆಯೇ. ಸ್ವೀಡನ್‌ನ ಗುಸ್ತಾಫ್ ಎನೆಸ್ಟ್ರೋಮ್ 1893ರಲ್ಲಿ ಪಿಂಚಣಿ ನಿಧಿಯ ಲೆಕ್ಕಾಚಾರ ಮಾಡುವಾಗ ಇದನ್ನು ಕಂಡರು. ಜಪಾನ್‌ನ ಸೋಯಿಚಿ ಕಕೆಯ 1912ರಲ್ಲಿ ಮತ್ತೆ ಪ್ರಕಟಿಸಿದರು. ಡಿಜಿಟಲ್ ಫಿಲ್ಟರ್ (ಸದ್ದಿನಂಥ ಸಂಕೇತಗಳನ್ನು ಸೋಸುವ ಲೆಕ್ಕದ ವಿಧಾನ) ಮಾಡುವವರಿಗೆ ಈ 1 ತ್ರಿಜ್ಯದ ವೃತ್ತ ಬಹಳ ಮುಖ್ಯ. ಫಿಲ್ಟರಿನ ಛೇದದಲ್ಲಿರುವ ಬಹುಪದೋಕ್ತಿಯ ಮೂಲಗಳು ಅದರ ಒಳಗಿದ್ದರೆ ಸದ್ದು ಕ್ರಮೇಣ ಅಡಗುತ್ತದೆ, ಹೊರಗೆ ಒಂದು ಬಿದ್ದರೂ ಬೆಳೆಯುತ್ತಾ ಹೋಗುತ್ತದೆ.

ಯಂತ್ರಗಳ ಲೋಕದಲ್ಲಿ ಪ್ರಶ್ನೆ ಸ್ವಲ್ಪ ಬೇರೆ. ಅಲ್ಲಿ ವೃತ್ತದ ಬದಲು ಎಡ ಬಲ ಮುಖ್ಯವಾಗುತ್ತದೆ. ಯಂತ್ರವೊಂದನ್ನು ಸ್ವಲ್ಪ ಅಲುಗಾಡಿಸಿದರೆ ಆ ಅಲುಗಾಟ ಅಡಗುತ್ತದೆಯೋ ಬೆಳೆಯುತ್ತದೆಯೋ ಎನ್ನುವುದು ಒಂದು ಬಹುಪದೋಕ್ತಿಯ ಮೂಲಗಳ ಮೇಲೆ ನಿಂತಿದೆ. ಎಲ್ಲ ಮೂಲಗಳೂ ಸಮತಲದ ಎಡ ಅರ್ಧದಲ್ಲಿದ್ದರೆ ಯಂತ್ರ ಸುಧಾರಿಸಿಕೊಳ್ಳುತ್ತದೆ. ಒಂದು ಬಲಕ್ಕೆ ಬಿದ್ದರೂ ಅಲುಗಾಟ ಬೆಳೆಯುತ್ತದೆ. ಉಗಿ ಯಂತ್ರದ ವೇಗ ಕಾಯುವ ಗವರ್ನರ್ ಎಂಬ ಸಾಧನದಲ್ಲಿ 19ನೇ ಶತಮಾನದ ಎಂಜಿನಿಯರುಗಳಿಗೆ ಇದೇ ದೊಡ್ಡ ತಲೆನೋವಾಗಿತ್ತು. ವೇಗ ಒಂದೇ ಸಮ ಇರುವ ಬದಲು ಏರುತ್ತಾ ಇಳಿಯುತ್ತಾ ತೂಗಾಡುತ್ತಿತ್ತು. 1868ರಲ್ಲಿ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಗವರ್ನರುಗಳ ಬಗ್ಗೆ ಬರೆದ ಪ್ರಬಂಧದಲ್ಲಿ ಈ ತೂಗಾಟವನ್ನು ಮೂಲಗಳ ಪ್ರಶ್ನೆಯಾಗಿ ಮಾರ್ಪಡಿಸಿದರು. ಮೂರನೇ ಘಾತದವರೆಗೆ ಷರತ್ತನ್ನೂ ಕೊಟ್ಟರು.

ಆ ಷರತ್ತು ಎಷ್ಟು ಚೆಂದ ನೋಡಿ. ಘನ ಸಮೀಕರಣವನ್ನು ಕ್ಷ³ + ಅಕ್ಷ² + ಬಕ್ಷ + ಕ = 0 ಎಂದು ಬರೆಯಿರಿ. ಎಲ್ಲ ಮೂಲಗಳೂ ಎಡಕ್ಕಿರಬೇಕಾದರೆ ಅ, ಬ, ಕ ಮೂರೂ ಧನವಾಗಿರಬೇಕು. ಆದರೆ ಅಷ್ಟೇ ಸಾಲದು. ಕ್ಷ³ + ಕ್ಷ² + 2ಕ್ಷ + 8 ನೋಡಿ. ಎಲ್ಲ ಸಹಗುಣಕಗಳೂ ಧನ, ಸುಮ್ನೆ ನೋಡಿದರೆ ಸಾಧು ಸಮೀಕರಣ. ಒಡೆದರೆ (ಕ್ಷ + 2)(ಕ್ಷ² − ಕ್ಷ + 4) ಆಗುತ್ತದೆ. ಎರಡನೇ ಭಾಗದ ಮೂಲಗಳು ಸೊನ್ನೆಯಿಂದ 0.5 ಬಲಕ್ಕೆ ಇವೆ. ಈ ಯಂತ್ರ ಸುಧಾರಿಸಿಕೊಳ್ಳುವುದಿಲ್ಲ. ಬೇಕಾದ ಇನ್ನೊಂದು ಷರತ್ತು: ಅ ಮತ್ತು ಬ ಗುಣಿಸಿದರೆ ಕಗಿಂತ ದೊಡ್ಡದು ಬರಬೇಕು. ಇಲ್ಲಿ 1 × 2 = 2, ಕ 8. ಷರತ್ತು ಮುರಿಯಿತು. ಕ ಅನ್ನು ನಿಧಾನವಾಗಿ ಇಳಿಸುತ್ತಾ ಬಂದು 2 ಮಾಡಿ. ಆಗ ಸಮೀಕರಣ (ಕ್ಷ + 1)(ಕ್ಷ² + 2) ಆಗುತ್ತದೆ. ಎರಡು ಮೂಲಗಳು ಸರಿಯಾಗಿ ಗಡಿಯ ಮೇಲೆ. ಅಲುಗಾಟ ಬೆಳೆಯುವುದೂ ಇಲ್ಲ, ಅಡಗುವುದೂ ಇಲ್ಲ. ಕ 1.9 ಆದರೆ ಯಂತ್ರ ಸುಧಾರಿಸಿಕೊಳ್ಳುತ್ತದೆ, 2.1 ಆದರೆ ಕೈಮೀರುತ್ತದೆ.

ನಾಲ್ಕು, ಐದು, ಆರನೇ ಘಾತಗಳಿಗೆ? ಕೇಂಬ್ರಿಡ್ಜ್‌ನ ಆಡಮ್ಸ್ ಬಹುಮಾನಕ್ಕೆ ಈ ಪ್ರಶ್ನೆಯೇ ವಿಷಯವಾಯಿತು. 1877ರಲ್ಲಿ ಎಡ್ವರ್ಡ್ ರೌತ್ ಆ ಬಹುಮಾನ ಗೆದ್ದರು. 1854ರ ಕೇಂಬ್ರಿಡ್ಜ್ ಗಣಿತ ಪರೀಕ್ಷೆಯಲ್ಲಿ ಇದೇ ರೌತ್ ಮೊದಲು, ಮ್ಯಾಕ್ಸ್‌ವೆಲ್ ಎರಡನೆಯವರು. ಸಹಗುಣಕಗಳನ್ನು ಎರಡು ಸಾಲಲ್ಲಿ ಬರೆದು, ಗುಣಿಸಿ ಕಳೆದು ಮುಂದಿನ ಸಾಲುಗಳನ್ನು ತುಂಬುತ್ತಾ ಹೋಗುವ ಅವರ ಕೋಷ್ಟಕವನ್ನು ಇಂದಿಗೂ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಕಂಟ್ರೋಲ್ ಸಿಸ್ಟಮ್ಸ್ ವಿಷಯದಲ್ಲಿ ಕಲಿಸುತ್ತಾರೆ. ಮೊದಲ ಕಂಬಸಾಲಿನಲ್ಲಿ ಚಿಹ್ನೆ ಎಷ್ಟು ಸಲ ಬದಲಾಯಿತೋ ಅಷ್ಟು ಮೂಲ ಬಲಕ್ಕಿವೆ. ಇತ್ತ ಜ್ಯೂರಿಕ್‌ನಲ್ಲಿ ಟರ್ಬೈನ್ ತಜ್ಞ ಔರೆಲ್ ಸ್ಟೊಡೊಲಾ ಇದೇ ಪ್ರಶ್ನೆಯನ್ನು ಸಹೋದ್ಯೋಗಿ ಅಡಾಲ್ಫ್ ಹುರ್ವಿಟ್ಸ್ ಮುಂದಿಟ್ಟರು. 1895ರಲ್ಲಿ ಹುರ್ವಿಟ್ಸ್ ತಮ್ಮದೇ ದಾರಿಯಲ್ಲಿ ಅದೇ ಉತ್ತರಕ್ಕೆ ಬಂದರು. ಆ ಫಲಿತಾಂಶ ಸ್ವಿಟ್ಜರ್‌ಲೆಂಡಿನ ದಾವೋಸ್‌ನ ಟರ್ಬೈನ್ ಘಟಕದಲ್ಲಿ ಬಳಕೆಗೂ ಬಂತು. ಪರೀಕ್ಷೆಗಾಗಿ ರೌತ್ ಕೋಷ್ಟಕ ತುಂಬುವ ಮಕ್ಕಳಿಗೆ ಈ ಹಿನ್ನೆಲೆ ಹೇಳಿಕೊಟ್ಟರೆ ಎಷ್ಟು ಚೆನ್ನಾಗಿರುತ್ತದೆ ಎಂದು ನನಗೆ ಯಾವಾಗಲೂ ಅನಿಸುತ್ತದೆ.

ಇಷ್ಟು ಹೊತ್ತು ಸಹಗುಣಕಗಳು ಮೂಲಗಳನ್ನು ಹಿಡಿದಿಡುವ ಕತೆ ನೋಡಿದೆವು. ಆದರೆ ಆ ಹಿಡಿತ ಎಷ್ಟು ಬಿಗಿ? ಇದಕ್ಕೆ ಉತ್ತರ ಕೊಟ್ಟವರು ಬ್ರಿಟನ್ನಿನ ನ್ಯಾಷನಲ್ ಫಿಸಿಕಲ್ ಲ್ಯಾಬೊರೇಟರಿಯ ಜೇಮ್ಸ್ ವಿಲ್ಕಿನ್ಸನ್. ಅಲ್ಲಿನ ಪೈಲಟ್ ಏಸ್ ಕಂಪ್ಯೂಟರಿನ ಕಾಲದಲ್ಲಿ ಅವರು ಒಂದು ಸರಳ ಬಹುಪದೋಕ್ತಿಯನ್ನು ಪರೀಕ್ಷೆಗೆ ಆರಿಸಿಕೊಂಡರು. ಅದರ ಮೂಲಗಳು 1, 2, 3 ಹೀಗೆ 20ರವರೆಗೆ. ಇದಕ್ಕಿಂತ ಸಭ್ಯ ಮೂಲಗಳು ಬೇಕೆ? ಎಲ್ಲವೂ ವಾಸ್ತವ, ಎಲ್ಲವೂ ಒಂದೊಂದು ಮಾನ ದೂರ. (ಕ್ಷ − 1)(ಕ್ಷ − 2) ಎಂದು 20ರವರೆಗೆ ಗುಣಿಸಿದರೆ ಕ್ಷ¹⁹ರ ಸಹಗುಣಕ −210. ಸ್ಥಿರ ಪದ 2432902008176640000.

ಈಗ −210 ಅನ್ನು −210.00000012 ಮಾಡಿ. ಬದಲಾದದ್ದು ದಶಮಾಂಶದ ಏಳನೇ ಸ್ಥಾನದಲ್ಲಿ. ಇಪ್ಪತ್ತರಲ್ಲಿ ಹತ್ತು ಮೂಲಗಳು ಸಂಖ್ಯಾರೇಖೆಯನ್ನೇ ಬಿಟ್ಟು ಹೋಗುತ್ತವೆ. 16, 17 ಇದ್ದ ಜಾಗದಲ್ಲಿ 16.73 ± 2.81√−1 ಎಂಬ ಜೋಡಿ ಸಿಗುತ್ತದೆ. 20 ಇದ್ದದ್ದು 20.85ಕ್ಕೆ ಸರಿಯುತ್ತದೆ. 1, 2, 3 ಮಾತ್ರ ಕದಲಿದ್ದೇ ಗೊತ್ತಾಗುವುದಿಲ್ಲ. ತಮ್ಮ ವೃತ್ತಿಜೀವನದಲ್ಲಿ ಅತಿ ಆಘಾತ ಕೊಟ್ಟ ಅನುಭವ ಇದು ಎಂದು ವಿಲ್ಕಿನ್ಸನ್ ಮುಂದೆ 1984ರಲ್ಲಿ ಬರೆದರು.

ಯಾಕೆ ಹೀಗೆ? ಕ್ಷ¹⁹ರ ಸಹಗುಣಕ ಒಂಚೂರು ಬದಲಾದಾಗ ಒಂದು ಮೂಲ ಎಷ್ಟು ಸರಿಯುತ್ತದೆ ಎಂದು ಕಲನಶಾಸ್ತ್ರದಿಂದ ಲೆಕ್ಕ ಹಾಕಬಹುದು. ಆ ಮೂಲದ 19ನೇ ಘಾತವನ್ನು, ಅದು ಉಳಿದ ಮೂಲಗಳಿಂದ ಇರುವ ದೂರಗಳ ಗುಣಲಬ್ಧದಿಂದ ಭಾಗಿಸಬೇಕು. ಮೂಲ 1 ಆದರೆ ಅಂಶ ಬರೀ 1, ಛೇದ 1 × 2 × … × 19. ಪರಿಣಾಮ ಇಲ್ಲವೆನ್ನುವಷ್ಟು ಕಡಿಮೆ. ಮೂಲ 16 ಆದರೆ ಅಂಶ 16ರ 19ನೇ ಘಾತ, 22 ಸೊನ್ನೆಗಳ ಗಾತ್ರದ ಸಂಖ್ಯೆ. ಛೇದದಲ್ಲಿ ಎರಡೂ ಕಡೆಯ ನೆರೆಹೊರೆಯವರು ಹತ್ತಿರ ಹತ್ತಿರ ಇರುವುದರಿಂದ ಅದು ಅಷ್ಟು ಬೆಳೆಯುವುದಿಲ್ಲ. ಭಾಗಿಸಿದರೆ ಸುಮಾರು 240 ಕೋಟಿ. ಸಹಗುಣಕದಲ್ಲಿ ಆದ ತಪ್ಪು ಮೂಲದಲ್ಲಿ ಅಷ್ಟು ಪಟ್ಟು ದೊಡ್ಡದಾಗಿ ಕಾಣಿಸಿಕೊಳ್ಳುವ ಒತ್ತಡ ಅಲ್ಲಿದೆ. ಮೂಲಗಳು ನೆಗೆಯುವುದಿಲ್ಲ, ಸರಿಯುತ್ತವೆ ಎಂದು ಮೇಲೆ ಹೇಳಿದ್ದೆ. ಅದು ಇಲ್ಲೂ ನಿಜ. ಆದರೆ ಎಷ್ಟು ವೇಗವಾಗಿ ಸರಿಯುತ್ತವೆ ಎನ್ನುವುದರ ಮೇಲೆ ಯಾವ ಕಡಿವಾಣವೂ ಇಲ್ಲ.

ಇದೇ ಬಹುಪದೋಕ್ತಿಗೆ ಕೊಶಿಯ ಮಿತಿ ಹಚ್ಚಿದರೆ ಸಿಗುವ ತ್ರಿಜ್ಯ ಸುಮಾರು 1.38 × 10¹⁹. ನಿಜವಾದ ಅತಿ ದೊಡ್ಡ ಮೂಲ ಬರೀ 20. ಇಲ್ಲಿ ಕೊಶಿಯ ಮಾತು ಸುಳ್ಳಲ್ಲ, ಆದರೆ ಉಪಯೋಗವೂ ಇಲ್ಲ. ಜಪಾನ್‌ನ ಮಾತ್ಸುಸಾಬುರೊ ಫುಜಿವಾರ 1916ರಲ್ಲಿ ಕೊಟ್ಟ ಮಿತಿ ಇಲ್ಲಿ ಒದಗುತ್ತದೆ. ಎರಡನೇ ಸಹಗುಣಕವನ್ನು ಹಾಗೇ ಇಟ್ಟುಕೊಳ್ಳಿ, ಮೂರನೆಯದರ ವರ್ಗಮೂಲ ತೆಗೆಯಿರಿ, ನಾಲ್ಕನೆಯದರ ಘನಮೂಲ, ಹೀಗೆ ಕೊನೆಯವರೆಗೆ. ಅವುಗಳಲ್ಲಿ ದೊಡ್ಡದನ್ನು ಇಮ್ಮಡಿ ಮಾಡಿ. ಆ ವೃತ್ತದ ಹೊರಗೆ ಎರಡನೇ ಪದ ಮೊದಲ ಪದದ ಅರ್ಧಕ್ಕಿಂತ ಕಡಿಮೆ, ಮೂರನೆಯದು ಕಾಲಿಗಿಂತ ಕಡಿಮೆ, ನಾಲ್ಕನೆಯದು ಅರೆಕಾಲಿಗಿಂತ ಕಡಿಮೆ. ಅರ್ಧ, ಕಾಲು, ಅರೆಕಾಲು ಎಂದು ಎಷ್ಟು ಕೂಡಿಸಿದರೂ ಒಂದು ಮುಟ್ಟುವುದಿಲ್ಲ. ಮತ್ತೆ ಮೊದಲ ಪದವೇ ಗೆಲ್ಲುತ್ತದೆ. ವಿಲ್ಕಿನ್ಸನ್ ಬಹುಪದೋಕ್ತಿಗೆ ಇದು ಕೊಡುವ ಮಿತಿ 420. ಸಹಗುಣಕವನ್ನು ಏಳನೇ ದಶಮಾಂಶದಲ್ಲಿ ಕೆಡಿಸಿದ ಮೇಲೂ ಈ ಮಿತಿ ಅಲುಗಿದ್ದೇ ಗೊತ್ತಾಗುವುದಿಲ್ಲ. ಒಳಗಿನ ಮೂಲಗಳು ಎಷ್ಟೇ ಓಡಾಡಲಿ, 420ರ ಗೆರೆ ಇದ್ದಲ್ಲೇ ಇರುತ್ತದೆ. ಕಂಪ್ಯೂಟರ್ ಕೊಟ್ಟ ಮೂಲಗಳನ್ನು ನಂಬುವ ಮೊದಲು ಇಂಥ ಒಂದು ಮಿತಿಯನ್ನು ಪಕ್ಕದಲ್ಲಿಟ್ಟು ತಾಳೆ ನೋಡುವುದು ಒಳ್ಳೆಯ ಅಭ್ಯಾಸ.

ಇವತ್ತು ಲೆಕ್ಕದ ತಂತ್ರಾಂಶಗಳಾದ ನಂಪೈ ಅಥವಾ ಮ್ಯಾಟ್‌ಲ್ಯಾಬ್‌ಗೆ ಸಹಗುಣಕಗಳನ್ನು ಕೊಟ್ಟು ಮೂಲ ಕೇಳಿದರೆ, ಅವು ಒಳಗೊಳಗೇ ಸಹಗುಣಕಗಳಿಂದ ಒಂದು ಮ್ಯಾಟ್ರಿಕ್ಸ್ (ಸಂಖ್ಯೆಗಳ ಚೌಕ ಕೋಷ್ಟಕ) ಕಟ್ಟಿಕೊಂಡು ಅದರ ಐಗನ್ ಮೌಲ್ಯಗಳನ್ನು (ಕೆಲವು ಬಾಣಗಳನ್ನು ಆ ಮ್ಯಾಟ್ರಿಕ್ಸ್ ಅದೇ ರೇಖೆಯಲ್ಲಿಟ್ಟು ಎಷ್ಟು ಪಟ್ಟು ಮಾಡುತ್ತದೆ ಎನ್ನುವ ಸಂಖ್ಯೆಗಳನ್ನು) ಹುಡುಕುತ್ತವೆ. ಆ ಮೌಲ್ಯಗಳೇ ಮೂಲಗಳು. ಆದರೆ ಕೊಟ್ಟ ಸಹಗುಣಕದಲ್ಲೇ ತಪ್ಪಿದ್ದರೆ ಈ ದಾರಿಯೂ ಅದನ್ನು ಸರಿಮಾಡಲಾರದು. ಕಟ್ಟಡದ ಕಂಪನ, ಸರ್ಕ್ಯೂಟಿನ ಲೆಕ್ಕ ಮುಂತಾದ ಕಡೆ ನಿಮ್ಮ ಕೈಯಲ್ಲಿ ಮೊದಲೇ ಮ್ಯಾಟ್ರಿಕ್ಸ್ ಇದ್ದರೆ ಅದನ್ನು ಬಹುಪದೋಕ್ತಿಯಾಗಿ ಬಿಡಿಸಿ ಮೂಲ ಹುಡುಕಲು ಹೋಗಬೇಡಿ, ನೇರವಾಗಿ ಐಗನ್ ಮೌಲ್ಯಗಳನ್ನೇ ತೆಗೆಯಿರಿ. ಅವು ಎಲ್ಲಿರಬಹುದು ಎಂದು ಮೊದಲೇ ಅಂದಾಜು ಬೇಕಾದರೆ ಸೆಮ್ಯೋನ್ ಗೆರ್ಶ್‌ಗೋರಿನ್ 1931ರಲ್ಲಿ ಕೊಟ್ಟ ವೃತ್ತಗಳಿವೆ. ಮ್ಯಾಟ್ರಿಕ್ಸಿನ ಪ್ರತಿ ಸಾಲಿನಲ್ಲಿ ಕರ್ಣದ ಸಂಖ್ಯೆಯನ್ನು ಕೇಂದ್ರ ಮಾಡಿ, ಉಳಿದ ಸಂಖ್ಯೆಗಳ ಗಾತ್ರಗಳ ಮೊತ್ತವನ್ನು ತ್ರಿಜ್ಯ ಮಾಡಿ ವೃತ್ತ ಎಳೆಯಿರಿ. ಐಗನ್ ಮೌಲ್ಯಗಳೆಲ್ಲ ಆ ವೃತ್ತಗಳೊಳಗೇ ಇರುತ್ತವೆ. ಅದರ ಸಾಧನೆಯಲ್ಲೂ ಮಾಡುವುದು ಒಂದು ಸಂಖ್ಯೆ ಉಳಿದವುಗಳ ಮೊತ್ತವನ್ನು ಮೀರುತ್ತದೆಯೇ ಎಂದು ನೋಡುವ ಕೆಲಸವನ್ನೇ. ಬಹುಪದೋಕ್ತಿಯಿಂದ ಕಟ್ಟಿದ ಮ್ಯಾಟ್ರಿಕ್ಸಿಗೆ ಈ ವೃತ್ತಗಳನ್ನು ಹಚ್ಚಿ ನೋಡಿ. ದೊಡ್ಡ ಸಹಗುಣಕಕ್ಕೆ 1 ಕೂಡಿಸುವ ಕೊಶಿಯ ಮಿತಿ ತಾನಾಗಿಯೇ ಹೊರಬರುತ್ತದೆ.